ಎರಡು ಸಾವಿರ ಮೊಳದೊಳಗೆ

ಹಗ್ಗ ಸರಿಯಾಗಿ ಐವತ್ತು ಮೊಳ ಇರಬೇಕು. ಒಂದು ಗೇಣು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಎರಡೂ ತುದಿಯವರು ಅದನ್ನು ಎದೆಮಟ್ಟಕ್ಕೆ ಹಿಡಿಯಬೇಕು. ಹಳ್ಳ ಅಡ್ಡ ಬಂದರೆ ಈ ದಡದಿಂದ ಆ ದಡಕ್ಕೆ ಬಿಗಿದು, ಇಳಿದು ಹತ್ತಿದ ದೂರವನ್ನು ಲೆಕ್ಕಕ್ಕೆ ಹಿಡಿಯದೆ ದಾಟಬೇಕು. ಹಾಗೆ ದಾಟಲಾಗದ ಕಡಿದಾದ ಗುಡ್ಡವಾದರೆ ನಾಲ್ಕು ಮೊಳದ ತುಂಡು ಹಗ್ಗ ತೆಗೆದುಕೊಳ್ಳಬೇಕು. ಕೆಳಗೆ ನಿಂತವನು ಅದನ್ನು ಎದೆಗೆ, ಮೇಲೆ ನಿಂತವನು ಪಾದಕ್ಕೆ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತ ಹೋಗಬೇಕು. ಈ ಕೆಲಸಕ್ಕೆ ಕೈ ಪಳಗಿದವನೇ ಆಗಬೇಕು.

ಕೋಲಾರ ಚಿನ್ನದ ಗಣಿಯ ಸರ್ವೆ ವಿಭಾಗಕ್ಕೆ ಚೈನ್‌ಮನ್ ಆಗಿ ಸೇರಿದಾಗ ನನಗೆ ಮೊದಲು ಕಲಿಸಿದ್ದೂ ಇದನ್ನೇ. ನೆಲ ಹೇಗೇ ಏರಲಿ, ಇಳಿಯಲಿ, ಸರಪಳಿ ಮಟ್ಟವಾಗಿರಬೇಕು. ಇಳಿಜಾರಿನಲ್ಲಿ ಅದನ್ನು ತುಂಡು ತುಂಡಾಗಿ ಎತ್ತಿ ಹಿಡಿದು, ತೂಗುಗುಂಡು ಬಿಟ್ಟು, ಗುಂಡು ಮುಟ್ಟಿದ ಕಡೆ ಗೂಟ ಊರಿ ಮುಂದೆ ಸಾಗಬೇಕು. ಹಾಗಾಗಿ ಮೇಲಿನ ನಿಯಮವನ್ನು ಓದಿದ ದಿನ ನನ್ನ ಕೈಗೆ ಗೊತ್ತಿದ್ದ ಕೆಲಸವನ್ನೇ ಯಾರೋ ಬರೆದಿಟ್ಟಿದ್ದಾರೆ ಅನ್ನಿಸಿತು. ಬರೆದವರು ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ದೊರೆಗಳಲ್ಲ. ಕ್ರಿ.ಶ. 200ರ ಸುಮಾರಿಗೆ ಗಲಿಲಾಯ ಸೀಮೆಯಲ್ಲಿ ರಬ್ಬಿ ಯೆಹೂದ ಎಂಬ ಗುರು ಕೂಡಿಸಿದ ಯೆಹೂದಿ ಧರ್ಮಶಾಸ್ತ್ರ ಮಿಶ್ನಾ, ಮತ್ತು ಅದರ ಮೇಲೆ ಮುಂದೆ ಬೆಳೆದ ತಾಲ್ಮುಡ್ ಚರ್ಚೆಗಳಲ್ಲಿ ಈ ಮಾತುಗಳಿವೆ. ನಮ್ಮ ಕೂಲಿಲೈನಿನ ಕ್ರೈಸ್ತ ಗೆಳೆಯರೊಬ್ಬರ ಮನೆಯಲ್ಲಿ ಅದರ ಇಂಗ್ಲಿಷ್ ಅನುವಾದ ಸಿಕ್ಕಿತ್ತು. ಅದರಲ್ಲಿ ‘ಏರುವಿನ್’ ಎಂಬ ಹತ್ತು ಅಧ್ಯಾಯಗಳ ಭಾಗ ಪೂರ್ತಿಯಾಗಿ ಎರಡೇ ಪ್ರಶ್ನೆಗಳ ಬೆನ್ನು ಹತ್ತಿದೆ. ಏಳನೆಯ ದಿನವಾದ ಸಬ್ಬತ್‌ನಂದು ಮನುಷ್ಯ ಎಲ್ಲಿಯವರೆಗೆ ನಡೆಯಬಹುದು? ಏನನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಹುದು?

ವಾರಕ್ಕೊಂದು ದಿನ ಕೆಲಸ ನಿಲ್ಲಿಸುವುದು ನಮಗೆ ಹೊಸದಲ್ಲ. ಸೋಮವಾರ ಬಸವಣ್ಣನ ದಿನವೆಂದು ಎತ್ತಿಗೆ ನೊಗ ಹೂಡದ ರೈತರು ನಮ್ಮ ಸೀಮೆಯಲ್ಲಿ ಇವತ್ತಿಗೂ ಇದ್ದಾರೆ. ಕೊಂಕಣ ಕರಾವಳಿಯಲ್ಲಿ ಗಾಣ ತಿರುಗಿಸುತ್ತಿದ್ದ ಬೆನೆ ಇಸ್ರೇಲ್ ಯೆಹೂದಿಗಳು ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಆದರೆ ಬಿಡುವಿನ ದಿನಕ್ಕೊಂದು ಭೂಪಟವನ್ನೇ ಬರೆದ ಜನ ಯೆಹೂದಿಗಳು. ಏಳನೆಯ ದಿನ ಯಾರೂ ತನ್ನ ಸ್ಥಳ ಬಿಟ್ಟು ಹೊರಡಬಾರದು ಎಂಬ ಮಾತು ಬೈಬಲಿನ ವಿಮೋಚನಕಾಂಡದಲ್ಲಿದೆ. ಲೇವಿಯರ ಪಟ್ಟಣಗಳ ಸುತ್ತ ದಿಕ್ಕಿಗೆ ಎರಡು ಸಾವಿರ ಮೊಳ ನೆಲ ಬಿಡಬೇಕೆಂದು ಅರಣ್ಯಕಾಂಡದಲ್ಲಿದೆ. ಇವೆರಡನ್ನೂ ಕೂಡಿಸಿ, ‘ತನ್ನ ಸ್ಥಳ’ ಎಂದರೆ ಊರು ಮತ್ತು ಊರಾಚೆಯ ಎರಡು ಸಾವಿರ ಮೊಳ ಎಂದು ಗುರುಗಳು ಗೊತ್ತುಮಾಡಿದರು. ಮೊಳಕ್ಕೆ ಒಂದೂವರೆ ಅಡಿಯಂತೆ ಹಿಡಿದರೆ ಇದು ಒಂದು ಕಿಲೋಮೀಟರಿಗೆ ತುಸು ಕಡಿಮೆ. ಕೋರಮಂಡಲ್ ಸ್ಟೇಷನ್ನಿನಿಂದ ಹಳಿ ಹಿಡಿದು ಹೊರಟರೆ ಊರಿಗಾಂ ಮುಟ್ಟುವ ಮೊದಲೇ ಮುಗಿದುಹೋಗುವ ದೂರ. ಎಣ್ಣೆಮರಗಳ ಗುಡ್ಡವು ಯೆರೂಸಲೇಮಿನಿಂದ ಸಬ್ಬತ್ ದಿನದ ಪ್ರಯಾಣದಷ್ಟು ದೂರದಲ್ಲಿದೆ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಬರುವ ಲೆಕ್ಕ ಇದೇ.

ಎಲ್ಲೆಯಾಚೆ ಹೋಗಲೇಬೇಕಾದವರಿಗೂ ದಾರಿ ಇತ್ತು. ಹಿಂದಿನ ದಿನವೇ, ಹೊತ್ತು ಮುಳುಗುವ ಮೊದಲು, ಎಲ್ಲೆಯ ಅಂಚಿನಲ್ಲಿ ಎರಡು ಹೊತ್ತಿನ ಊಟ ಇಟ್ಟು ಬಂದರೆ ಆ ದಿನದ ಮಟ್ಟಿಗೆ ಅದೇ ಅವನ ಸ್ಥಳ, ಅಲ್ಲಿಂದ ಮತ್ತೆ ಎರಡು ಸಾವಿರ ಮೊಳ. ಬುತ್ತಿ ಇಟ್ಟ ಕಡೆ ಮನೆ. ಬಿತ್ತನೆಯ ಕಾಲದಲ್ಲಿ ಹೊಲದಲ್ಲೇ ಉಳಿಯುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲೆ ಎಲ್ಲಿದೆ ಎಂದು ಹೇಳಬೇಕಾದವರು ಯಾರು? ಅಳೆಯಲು ಪಳಗಿದವನೇ ಬೇಕು ಎಂದ ಮಿಶ್ನಾ, ಅದರ ಹಿಂದೆಯೇ ಇನ್ನೊಂದು ಮಾತು ಹೇಳುತ್ತದೆ. ಸಬ್ಬತ್ತಿನ ಎಲ್ಲೆ ಇಲ್ಲಿಯವರೆಗೆ ಎಂದು ಒಬ್ಬ ಆಳು ಹೇಳಿದರೂ, ಒಬ್ಬ ದಾಸಿ ಹೇಳಿದರೂ ನಂಬಬೇಕು, ಏಕೆಂದರೆ ಈ ವಿಷಯದಲ್ಲಿ ಗುರುಗಳು ಬಿಗಿ ಮಾಡಲು ಹೊರಟವರಲ್ಲ, ಸಡಿಲಿಸಲು ಹೊರಟವರು. ಈ ಸಾಲಿನ ಮುಂದೆ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ.

ನನ್ನ ಅಜ್ಜ ಬೂದಿಕೋಟೆ ಕಡೆಯ ಹಳ್ಳಿಯೊಂದರ ತೋಟಿ. ಊರಹಬ್ಬದ ಸಾರು ಹಾಕುವವನು ಅವನೇ. ತಮಟೆ ಬಡಿದು ಸಾರಿದ ಮೇಲೆ ಊರವರು ಯಾರೂ ಎಲ್ಲೆ ದಾಟಿ ರಾತ್ರಿ ಉಳಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಕುಟ್ಟುವಂತಿಲ್ಲ, ಬೀಸುವಂತಿಲ್ಲ. ಹಬ್ಬದ ರಾತ್ರಿ ಬಲಿಯನ್ನದ ಗುಡಾಣದ ಜೊತೆ ಎಲ್ಲೆಗುಂಟ ನಡೆಯುವವನೂ ಅವನೇ. ಯಾವ ಹುತ್ತದ ಪಕ್ಕ ಕಲ್ಲಿದೆ, ಯಾವ ಹೊಂಗೆಮರದ ಬುಡದಲ್ಲಿ ಕಲ್ಲು ಹೂತುಹೋಗಿದೆ ಎನ್ನುವುದು ಶ್ಯಾನುಭೋಗರ ಪುಸ್ತಕಕ್ಕಿಂತ ಅವನ ಕಾಲಿಗೆ ಚೆನ್ನಾಗಿ ಗೊತ್ತಿತ್ತು. ಇದು ನಮ್ಮೊಂದು ಊರಿನ ಮಾತಲ್ಲ. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಕ್ಯಾಪ್ಟನ್ ಮೆಕೆಂಜಿ ಎಂಬಾತ 1873ರ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಹೊಲೆಯರ ಕುಳುವಾಡಿಯ ಬಗ್ಗೆ ಬರೆದಿದ್ದಾನೆ. ಎರಡು ಊರಿನ ನಡುವೆ ಎಲ್ಲೆಯ ತಕರಾರು ಬಂದರೆ ಕುಳುವಾಡಿ ತಲೆಯ ಮೇಲೆ ಊರ ಮಣ್ಣಿನ ಉಂಡೆ ಹೊತ್ತು ನಡೆಯಬೇಕು, ಅವನು ನಡೆದದ್ದೇ ಎಲ್ಲೆ. ಸುಳ್ಳು ನಡೆದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದಲ್ಲಿ ಅವನು ಸಾಯುತ್ತಾನೆ ಎಂಬ ನಂಬಿಕೆ.

ಆಳಿನ ಮಾತನ್ನು ನಂಬು ಎಂದಿತು ಅಲ್ಲಿನ ಶಾಸ್ತ್ರ. ಇಲ್ಲಿಯೂ ನಂಬಿದರು. ಆದರೆ ಆ ಎಲ್ಲೆ ತೋರಿಸಿದವನ ಮನೆ ಊರೊಳಗೆ ಇರಲಿಲ್ಲ. ಊರಿಗೂ ಕೇರಿಗೂ ನಡುವೆ ಒಂದು ಗೆರೆ ಇತ್ತು, ಆ ಗೆರೆಗೆ ಕಲ್ಲು ಬೇಕಾಗಿರಲಿಲ್ಲ. ತೋಟಿ ಮೊದಲಾದ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿದ ಕಾಯಿದೆ 1961ರದು. ಅಷ್ಟರಲ್ಲಾಗಲೇ ನಮ್ಮಪ್ಪ ಊರು ಬಿಟ್ಟು ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿದಾಗಿತ್ತು.

ಎಲ್ಲೆಕಲ್ಲಿನ ಮಾತು ಬಂದದ್ದಕ್ಕೆ ಗೆಜೆರ್ ಊರಿನ ಕಲ್ಲುಗಳನ್ನು ಹೇಳದೆ ಮುಂದೆ ಹೋಗಲಾರೆ. ಯೆರೂಸಲೇಮಿಗೂ ಸಮುದ್ರಕ್ಕೂ ನಡುವಿನ ಆ ಹಳೆಯ ಪಟ್ಟಣದ ಹೊರಗಿನ ಬಂಡೆಗಳಲ್ಲಿ 1874ರಲ್ಲಿ ಫ್ರೆಂಚ್ ವಿದ್ವಾಂಸ ಕ್ಲೆರ್ಮಾಂ-ಗಾನೊ ಕೆತ್ತಿದ ಅಕ್ಷರ ಕಂಡ. ಹೀಬ್ರೂವಿನಲ್ಲಿ ಗೆಜೆರಿನ ಎಲ್ಲೆ ಎಂದು, ಗ್ರೀಕಿನಲ್ಲಿ ಅಲ್ಕಿಯೊಸ್ ಎಂಬವನ ಹೆಸರು. ಅಂಥವು ಮುಂದೆ ಹತ್ತಕ್ಕೂ ಹೆಚ್ಚು ಸಿಕ್ಕವು. ಸಬ್ಬತ್ತಿನ ಎಲ್ಲೆ ತೋರಿಸುವ ಕಲ್ಲುಗಳಿವು ಎಂದು ಕೆಲವರು, ಅಲ್ಕಿಯೊಸನ ಜಮೀನಿನ ಗುರುತು ಎಂದು ಕೆಲವರು ಇನ್ನೂ ವಾದಿಸುತ್ತಾರೆ. ಸರಪಳಿ ಎಳೆದವನಾಗಿ ನನಗೆ ಎರಡೂ ಸರಿಯೇ ಅನ್ನಿಸುತ್ತದೆ. ಕಂಪನಿ ನೆಟ್ಟ ಗಡಿಕಲ್ಲುಗಳ ಒಂದು ಮಗ್ಗುಲಲ್ಲಿ ನಂಬರು, ಇನ್ನೊಂದು ಮಗ್ಗುಲಲ್ಲಿ ಅರಿಶಿನ ಕುಂಕುಮ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೇ ಕಲ್ಲು ಲೀಸಿನ ಗಡಿಯೂ ಆಗಿತ್ತು, ಹಳ್ಳಿಯವರ ಎಲ್ಲೆಯಮ್ಮನೂ ಆಗಿತ್ತು.

ನಡೆಯುವ ಎಲ್ಲೆ ಹೀಗಾಯಿತು. ಒಯ್ಯುವ ಎಲ್ಲೆ ಇನ್ನೂ ಸೂಕ್ಷ್ಮ. ಸಬ್ಬತ್ತಿನಂದು ಯೆರೂಸಲೇಮಿನ ಬಾಗಿಲುಗಳಲ್ಲಿ ಹೊರೆ ತರಬೇಡಿ ಎಂದು ಪ್ರವಾದಿ ಯೆರೆಮೀಯ ಕೂಗಿ ಹೇಳಿದ. ನೆಹೆಮೀಯ ಬಾಗಿಲುಗಳನ್ನೇ ಮುಚ್ಚಿಸಿದ. ಮುಂದೆ ಇದು ಮನೆಮನೆಯ ನಿಯಮವಾಯಿತು: ನಿನ್ನ ಮನೆಯೊಳಗೆ ಏನು ಬೇಕಾದರೂ ಎತ್ತಿಡು, ಮನೆಯಿಂದ ಬೀದಿಗೆ ಒಯ್ಯಬೇಡ. ಆದರೆ ಆ ಕಾಲದ ಊರು ಹೇಗಿತ್ತು? ನಾಲ್ಕಾರು ಮನೆಗೆ ಒಂದು ಅಂಗಳ, ಹಲವು ಅಂಗಳಕ್ಕೆ ಒಂದು ಓಣಿ. ಬಾವಿಯೋ ಒಲೆಯೋ ಅಂಗಳದಲ್ಲಿ. ಅಂಗಳ ಯಾರೊಬ್ಬರದೂ ಅಲ್ಲ, ಎಲ್ಲರದು. ಪಕ್ಕದ ಮನೆಯ ಬಾಣಂತಿಗೆ ಒಂದು ಬಟ್ಟಲು ಸಾರು ಕೊಡಲೂ ಅಡ್ಡಿ ಬರುತ್ತದಲ್ಲ?

ಅದಕ್ಕೆ ಅವರು ಕಂಡುಕೊಂಡ ಉಪಾಯ ಎರಡು ಭಾಗದ್ದು. ಮೊದಲನೆಯದು ಗೋಡೆ, ಅಥವಾ ಗೋಡೆಯೆಂದು ಒಪ್ಪಬಹುದಾದದ್ದು. ಓಣಿಯ ಬಾಯಿಗೆ ಇಪ್ಪತ್ತು ಮೊಳ ಮೀರದ ಎತ್ತರದಲ್ಲಿ ಒಂದು ಅಡ್ಡತೊಲೆ, ಇಲ್ಲವೇ ಪಕ್ಕದಲ್ಲಿ ಒಂದು ನಿಲುವು. ಬಯಲಲ್ಲಿ ತಂಗಿದ ಸಾರ್ಥದವರಾದರೆ ಜೀನು, ನೊಗಗಳನ್ನು ಸುತ್ತ ಇಟ್ಟರೂ ನಡೆಯುತ್ತದೆ. ದಾರಿಯ ಬಾವಿಗೆ ನಾಲ್ಕು ಮೂಲೆಯಲ್ಲಿ ಹಲಗೆ ನೆಟ್ಟರೆ ಸಾಕು, ದನ ನೀರು ಕುಡಿಯಬಹುದು. ಎರಡನೆಯದು ರೊಟ್ಟಿ. ಅಂಗಳದ ಪ್ರತಿ ಮನೆಯಿಂದಲೂ ಒಂದೊಂದು ರೊಟ್ಟಿ ಬಂದು ಯಾವುದಾದರೂ ಒಂದು ಮನೆಯಲ್ಲಿ ಕೂಡಬೇಕು. ಕೂಡಿದರೆ ಅಷ್ಟೂ ಮನೆ ಒಂದೇ ಮನೆ, ಅಂಗಳವೂ ಅದರ ಒಳಕೋಣೆ. ಗೋಡೆ ಎಷ್ಟೇ ಗಟ್ಟಿ ಇರಲಿ, ರೊಟ್ಟಿ ಕೂಡದಿದ್ದರೆ ಒಯ್ಯುವಂತಿಲ್ಲ.

ಎಂಥ ರೊಟ್ಟಿ ಎಂಬುದರ ಚರ್ಚೆ ನನಗೆ ಬಹಳ ಇಷ್ಟ. ರಬ್ಬಿ ಯೆಹೋಶುವ ಹೇಳುತ್ತಾನೆ: ಒಂದು ದೊಡ್ಡ ಅಳತೆಯ ಹಿಟ್ಟಿನಲ್ಲಿ ಬೇಯಿಸಿದ್ದಾದರೂ ಮುರಿದ ತುಂಡು ಬೇಡ; ಒಂದು ಚಿಕ್ಕಾಸಿಗೆ ಸಿಗುವಷ್ಟು ಪುಟ್ಟದಾದರೂ ಇಡಿಯಾದ ರೊಟ್ಟಿ ಆಗಬಹುದು. ಯಾಕೆಂದು ತಾಲ್ಮುಡ್ ಕೇಳಿ ತಾನೇ ಉತ್ತರ ಕೊಡುತ್ತದೆ: ಹಗೆ ಹುಟ್ಟಬಾರದು ಎಂದು. ನಾನು ಇಡಿ ಕೊಟ್ಟೆ, ನೀನು ತುಂಡು ಕೊಟ್ಟೆ ಎಂಬ ಮಾತು ಅಂಗಳದಲ್ಲಿ ಏಳಬಾರದು. ದೇವರ ದಿನದ ಶುದ್ಧಿಯ ಬಗ್ಗೆ ಕೂದಲು ಸೀಳುವ ಪಂಡಿತರು ಇಲ್ಲಿ ಲೆಕ್ಕ ಹಾಕಿದ್ದು ನೆರೆಮನೆಯವರ ಮುನಿಸನ್ನು.

ಒಪ್ಪದವನೊಬ್ಬ ಅಂಗಳದಲ್ಲಿದ್ದರೆ ಏನು ಗತಿ? ರಬ್ಬಾನ್ ಗಮಲಿಯೇಲನ ಮನೆಯಿದ್ದ ಯೆರೂಸಲೇಮಿನ ಓಣಿಯಲ್ಲೇ ಈ ಪದ್ಧತಿಯನ್ನು ಒಪ್ಪದ ಸದ್ದುಕಾಯ ಪಂಥದವನೊಬ್ಬನಿದ್ದ. ಅವನು ತನ್ನ ಸಾಮಾನು ಹೊರಗಿಟ್ಟು ಅಡ್ಡಿಮಾಡುವ ಮೊದಲೇ ನಿಮ್ಮ ಪಾತ್ರೆಗಳನ್ನು ಓಣಿಗೆ ತಂದಿಡಿ ಎಂದು ತಂದೆ ಮಕ್ಕಳನ್ನು ಅವಸರಪಡಿಸುತ್ತಿದ್ದನಂತೆ. ಬೇರೆ ಧರ್ಮದವನಾದರೆ ಅವನ ಪಾಲನ್ನು ಆ ದಿನಕ್ಕೆ ಬಾಡಿಗೆಗೆ ಪಡೆಯಬೇಕು, ಅತಿ ಚಿಕ್ಕ ಕಾಸಿಗಿಂತ ಕಡಿಮೆ ಕೊಟ್ಟರೂ ನಡೆಯುತ್ತದೆ. ಆದರೆ ಕೇಳಲೇಬೇಕು, ಅವನು ಒಪ್ಪಲೇಬೇಕು. ಅವನನ್ನು ಎಬ್ಬಿಸಿ ಓಡಿಸು ಎಂದು ಅವರು ಹೇಳಲಿಲ್ಲ. ಬಾಡಿಗೆ ಕೇಳುವ ನೆಪದಲ್ಲಾದರೂ ಅವನ ಬಾಗಿಲು ತಟ್ಟಬೇಕಾಗುತ್ತಿತ್ತು.

ಯೆರೂಸಲೇಮಿನ ತಾಲ್ಮುಡ್‌ನಲ್ಲಿ ಒಂದು ಪುಟ್ಟ ಕತೆ ಇದೆ. ನೆರೆಯವಳ ಮೇಲೆ ಹಗೆಯಿದ್ದ ಹೆಂಗಸೊಬ್ಬಳು ತನ್ನ ಪಾಲಿನ ರೊಟ್ಟಿಯನ್ನು ಮಗನ ಕೈಲಿ ಕಳಿಸಿದಳು. ನೆರೆಯವಳು ಹುಡುಗನನ್ನು ಅಪ್ಪಿ ಮುದ್ದಿಟ್ಟಳು. ಅವನು ಬಂದು ತಾಯಿಗೆ ಹೇಳಿದ. ಅವಳಿಗೆ ನನ್ನ ಮೇಲೆ ಇಷ್ಟು ಪ್ರೀತಿಯಿತ್ತೇ, ನನಗೇ ಗೊತ್ತಿರಲಿಲ್ಲವಲ್ಲ ಎಂದಳು ತಾಯಿ. ರಾಜಿಯಾದರು. ಅಂಗಳದಲ್ಲಿ ರೊಟ್ಟಿ ಕೂಡಿಸುವುದು ಶಾಂತಿಗಾಗಿ ಎಂದು ರಬ್ಬಿ ಯೆಹೋಶುವ ಬೆನ್ ಲೇವಿ ಹೇಳಿದ ಮಾತಿನ ಜೊತೆಗೆ ಈ ಕತೆ ಬರುತ್ತದೆ.

ಈಗ ನಮ್ಮ ಲೈನಿಗೆ ಬರುತ್ತೇನೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಇಲ್ಲಿ ಎಲ್ಲೆಗಳಿಗೆ ಬರವಿರಲಿಲ್ಲ. ದೊರೆಗಳ ಬಂಗಲೆ, ಕ್ಲಬ್ಬು ಒಂದು ಕಡೆ. ಆರ್ಕಾಟು, ಚಿತ್ತೂರು, ಕೋಲಾರದ ಹಳ್ಳಿಗಳಿಂದ ಬಂದ ಕೂಲಿಗಳ ತಟ್ಟಿಮನೆಗಳ ಸಾಲು ಇನ್ನೊಂದು ಕಡೆ. ಬಿದಿರ ತಟ್ಟಿಯ ಗೋಡೆ, ಒಂದೇ ಕೋಣೆ, ಬಗ್ಗಿ ಒಳಗೆ ಹೋಗುವ ಬಾಗಿಲು. ಶಾಫ್ಟಿನಿಂದ ಮೇಲೆ ಬಂದವನ ಮೈ ತಡಕಿ ನೋಡುವ ಚೌಕಿ. 1930ರ ಏಪ್ರಿಲ್‌ನಲ್ಲಿ ಪ್ರತಿ ಕೂಲಿಯ ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳಲು ಹೊರಟಾಗ ಸುಮಾರು ಮೂರು ವಾರ ಗಣಿ ಕೆಲಸ ನಿಂತಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು ಎಂದು ಪುಸ್ತಕಗಳಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ. ಆ ಬೆಳಕು ಕೂಲಿಲೈನಿನ ಮನೆಯೊಳಗೆ ಬರಲು ದಶಕಗಳೇ ಹಿಡಿದವು.

ದಂಡಿನ ಪಾಳೆಯದವರು ರೊಟ್ಟಿ ಕೂಡಿಸಬೇಕಾಗಿಲ್ಲ, ಅವರಿಗೆ ವಿನಾಯಿತಿ ಇದೆ ಎನ್ನುತ್ತದೆ ಮಿಶ್ನಾ. ಪಾಳೆಯ ಇವತ್ತು ಇಲ್ಲಿ, ನಾಳೆ ಎಲ್ಲೋ. ಕಂಪನಿಯೂ ನಮ್ಮನ್ನು ಪಾಳೆಯವೆಂದೇ ಎಣಿಸಿತ್ತು: ಚಿನ್ನ ಇರುವವರೆಗೆ ಕೂಲಿ, ಕೂಲಿ ಇರುವವರೆಗೆ ಗುಡಿಸಲು. ನಮ್ಮವರು ಹಾಗೆ ಎಣಿಸಲಿಲ್ಲ. ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಕೂಳು ಹಾಕುವುದು ತಮಿಳು ಮನೆಗಳ ಪದ್ಧತಿ, ನಮ್ಮಮ್ಮ ಅದನ್ನು ಅಂಬಲಿ ಎನ್ನುತ್ತಿದ್ದಳು. ನಮ್ಮ ಸಾಲಿನಲ್ಲಿ ಪ್ರತಿ ಮನೆಯಿಂದ ಒಂದು ಪಾವು ರಾಗಿಹಿಟ್ಟು. ಪಾವಿನ ಮೇಲೆ ಗೋಪುರ ನಿಲ್ಲಿಸುವಂತಿಲ್ಲ, ಅಂಗೈಯಿಂದ ಒರೆಸಿ ಮಟ್ಟ ಮಾಡಿಯೇ ಕೊಡಬೇಕು. ಹಂಡೆ ನೋಡಿಕೊಳ್ಳುತ್ತಿದ್ದ ಅಜ್ಜಿ ಬಾಗಿಲಲ್ಲಿ ನಿಂತು “ಯಕ್ಕಾ, ನಿಮ್ಮನೆ ಪಾವು ಬರ್ಲಿಲ್ವೇ” ಎಂದು ಕೂಗುತ್ತಿದ್ದಳು. ಮೇಸ್ತ್ರಿಯ ಮನೆಯಿಂದ ಒಂದು ವರ್ಷ ಅರ್ಧ ಮೂಟೆ ಹಿಟ್ಟು ಬಂತು. ಅಜ್ಜಿ ಅದರಲ್ಲಿ ಒಂದು ಪಾವು ಅಳೆದುಕೊಂಡು ಮೂಟೆಯನ್ನು ವಾಪಸು ಕಳಿಸಿದಳು. “ಎಲ್ರೂ ಒಂದೇ ಅಳತೆ ಕಣಪ್ಪಾ” ಎಂದಷ್ಟೇ ಹೇಳಿದಳು. ಸಂಜೆ ನಲ್ಲಿಕಟ್ಟೆಯ ಹತ್ತಿರ ಹಂಡೆ ಇಳಿಸಿ, ಈರುಳ್ಳಿ ಹೆಚ್ಚಿ ಹಾಕಿ, ಸೊಪ್ಪಿನ ಪಲ್ಯದ ಜೊತೆ ಸೌಟಿನಲ್ಲಿ ಬಡಿಸುವಾಗ ಯಾರ ಹಿಟ್ಟು ಯಾರ ಹೊಟ್ಟೆಗೆ ಹೋಯಿತೋ ದೇವರೇ ಬಲ್ಲ. ಕ್ರೈಸ್ತರ ಮನೆಗಳಿಂದಲೂ ಪಾವು ಬರುತ್ತಿತ್ತು, ಅವರ ಕ್ರಿಸ್‌ಮಸ್ಸಿನ ತಟ್ಟೆ ಎಲ್ಲ ಮನೆಗೂ ಹೋಗುತ್ತಿತ್ತು. ಅಜ್ಜನ ಊರಲ್ಲಿ ನಮ್ಮ ಮನೆಯ ಅಂಬಲಿಯನ್ನು ಮುಟ್ಟುವವರಿರಲಿಲ್ಲ.

ಲೈನುಗಳಲ್ಲಿ ಜಾತಿ ಸತ್ತಿತ್ತು ಎಂದು ನಾನು ಹೇಳುವುದಿಲ್ಲ. ಕೆಲವು ಸಾಲು ಕೆಲವರದೇ ಆಗಿತ್ತು, ಮದುವೆ ಮಾತು ಬಂದಾಗ ಎಲ್ಲ ಗೆರೆಗಳೂ ಎದ್ದು ನಿಲ್ಲುತ್ತಿದ್ದವು. ಆದರೂ ಎಲ್ಲ ಊರಿನ ಹೊರಗಿದ್ದವರು ತಾವೇ ಒಂದು ಎಲ್ಲೆ ಹಾಕಿಕೊಂಡು ಅದರ ಒಳಗೆ ನಿಂತದ್ದು ಇಲ್ಲೇ. ತಮಿಳು ದಲಿತ ಚಿಂತಕ ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆಗಳು ಕಳೆದ ಶತಮಾನದ ಮೊದಲ ದಶಕಗಳಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರು ಬಿಟ್ಟದ್ದು ಆಕಸ್ಮಿಕವಲ್ಲ. ಬೇಲಿ ಕಂಪನಿಯದು, ಬೇಲಿಯೊಳಗಿನ ಊರನ್ನು ಕಟ್ಟಿದವರು ಕೂಲಿಗಳು.

ಇವತ್ತು ಲಂಡನ್ನಿನಲ್ಲಿ, ಅಮೆರಿಕದ ಹಲವು ಪಟ್ಟಣಗಳಲ್ಲಿ ಯೆಹೂದಿಗಳು ಕಂಬದಿಂದ ಕಂಬಕ್ಕೆ ತೆಳುತಂತಿ ಎಳೆದು ಸಬ್ಬತ್ತಿನ ಒಯ್ಯುವ ಎಲ್ಲೆ ಕಟ್ಟಿಕೊಳ್ಳುತ್ತಾರೆ. ಲಂಡನ್ನಿನ ವಾಯವ್ಯ ಭಾಗದ್ದು 2003ರಲ್ಲಿ ಬಳಕೆಗೆ ಬಂತು. ನ್ಯೂಜೆರ್ಸಿಯ ಟೆನಫ್ಲೈ ಊರಿನ ಆಡಳಿತ ಅಂಥ ಗುರುತುಗಳನ್ನು ಕಂಬಗಳಿಂದ ಕೀಳಿಸಲು ಹೊರಟಾಗ 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಯೆಹೂದಿಗಳ ಪರ ನಿಂತಿತು. ಕಣ್ಣಿಗೂ ಸರಿಯಾಗಿ ಕಾಣದ ತಂತಿಗಾಗಿ ಅವರು ಕೋರ್ಟಿಗೆ ಹೋದರು. ಅವರ ಮಕ್ಕಳ ತಳ್ಳುಗಾಡಿ, ಮುದುಕರ ಗಾಲಿಕುರ್ಚಿ ಸಬ್ಬತ್ತಿನಂದು ಬೀದಿಗಿಳಿಯುವುದು ಆ ತಂತಿಯ ಆಸರೆಯಿಂದಲೇ.

ನಮ್ಮ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಲೈನಿನವರು ತಾವಿರುವ ಮನೆಗಳ ಹಕ್ಕು ಕೇಳುತ್ತಲೇ ಇದ್ದಾರೆ, ಆ ಬೇಡಿಕೆ ನ್ಯಾಯವಾದದ್ದು. ಆದರೆ ಕೇಳುವುದೂ ಮನೆ ನಂಬರಿನ ಲೆಕ್ಕದಲ್ಲಿ, ಅಳೆಯುವುದೂ ಮನೆ ನಂಬರಿನ ಲೆಕ್ಕದಲ್ಲಿ. ಎರಡು ಸಾಲಿನ ನಡುವಿನ ಅಂಗಳ, ನಲ್ಲಿಕಟ್ಟೆ, ಹಂಡೆ ಇಡುವ ಜಾಗ, ಮಾರಿಯಮ್ಮನ ತೇರು ತಿರುಗುವ ತಿರುವು, ಇವು ಯಾವ ನಂಬರಿಗೂ ಸೇರುವುದಿಲ್ಲ. ನಂಬರಿಲ್ಲದ ನೆಲಕ್ಕೆ ಏನಾಗುತ್ತದೆಂದು ಸರ್ವೆಯಲ್ಲಿ ಬದುಕು ಸವೆಸಿದ ನನಗೆ ಗೊತ್ತು: ಮೊದಲು ಬೇಲಿ ಬೀಳುತ್ತದೆ, ಆಮೇಲೆ ಕಾಗದ ಹುಟ್ಟುತ್ತದೆ.

ಮುಂದೆ ಯಾವ ಇಲಾಖೆಯವರು ಲೈನು ಅಳೆಯಲು ಬಂದರೂ ನನ್ನದೊಂದು ಕೋರಿಕೆ. ನಕ್ಷೆಯಲ್ಲಿ ಅಂಗಳವನ್ನೂ ಬರೆದುಕೊಳ್ಳಿ, ಅದರ ಎದುರಿಗೆ ಇಡೀ ಸಾಲಿನ ಹೆಸರು ಹಾಕಿ. ಎಲ್ಲಿಂದ ಎಲ್ಲಿಗೆ ಎಂಬ ಅನುಮಾನ ಬಂದರೆ ಆಫೀಸಿನ ಕಾಗದ ಹುಡುಕುತ್ತ ಕೂರಬೇಡಿ. ಆಡಿಯಲ್ಲಿ ಹಂಡೆ ಹೊರುವ ಹೆಂಗಸರನ್ನು ಕರೆದು ಕೇಳಿ, ಅವರು ನಡೆದು ತೋರಿಸುತ್ತಾರೆ.